ಸಾಲ ಮತ್ತು ಸಾಲು: ಯೆಸ್ ಬ್ಯಾಂಕ್ ಕುಸಿದ ಬಗೆ

ಯೆಸ್ ಬ್ಯಾಂಕಿನ ಎಟಿಎಂಗಳ ಮುಂದೆ ಜನ ಸಾಲುಗಟ್ಟಿ ನಿಂತದ್ದು 2020ರ ಮಾರ್ಚ್ 5ರ ರಾತ್ರಿ. ಅಂದು ಸಂಜೆ 6 ಗಂಟೆಯಿಂದ ಜಾರಿಗೆ ಬರುವಂತೆ ಕೇಂದ್ರ ಸರ್ಕಾರವು ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇರೆಗೆ ಈ ಬ್ಯಾಂಕಿನ ವಹಿವಾಟಿಗೆ ನಿರ್ಬಂಧ ಹೇರಿ, ಏಪ್ರಿಲ್ 3ರವರೆಗೆ ಒಬ್ಬ ಠೇವಣಿದಾರ 50,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯುವಂತಿಲ್ಲವೆಂದು ಆದೇಶಿಸಿತ್ತು. ನಂತರದ ದಿನಗಳ ಪತ್ರಿಕೆಗಳಲ್ಲಿ ಆ ಸಾಲುಗಳ ಚಿತ್ರಗಳೇ ಎದ್ದು ಕಂಡವು. ಆದರೆ ಬ್ಯಾಂಕಿನ ಲೆಕ್ಕಪತ್ರ ಹೇಳುವ ಕಥೆ ಬೇರೆಯೇ ಇದೆ. 2019ರ ಮಾರ್ಚ್ ಅಂತ್ಯಕ್ಕೆ 2,27,610 ಕೋಟಿ ರೂಪಾಯಿ ಇದ್ದ ಠೇವಣಿಯು ಸೆಪ್ಟೆಂಬರ್ ಅಂತ್ಯಕ್ಕೆ 2,09,497 ಕೋಟಿಗೂ, ಡಿಸೆಂಬರ್ ಅಂತ್ಯಕ್ಕೆ 1,65,755 ಕೋಟಿಗೂ ಇಳಿದು, ನಿರ್ಬಂಧ ಬಿದ್ದ ದಿನ 1,37,506 ಕೋಟಿಗೆ ಬಂದು ನಿಂತಿತ್ತು. ಅಂದರೆ, ಶಾಖೆಗಳ ಮುಂದೆ ಸುದ್ದಿಯಾಗುವಂಥ ಒಂದು ಸಾಲೂ ಏಳದೆ, ಹನ್ನೊಂದು ತಿಂಗಳಲ್ಲಿ ಸುಮಾರು 90,000 ಕೋಟಿ ರೂಪಾಯಿ ಸದ್ದಿಲ್ಲದೆ ಹೊರಟುಹೋಗಿತ್ತು. ಬೀದಿಯಲ್ಲಿ ನಿಂತವರು ಕೊನೆಗೆ ಉಳಿದವರು.

ದೇಶದ ಆರ್ಥಿಕತೆಗೆ ಬ್ಯಾಂಕು ಏಕೆ ಬೇಕೇ ಬೇಕು, ಅಂಥ ಬ್ಯಾಂಕು ಏಕೆ ಇಷ್ಟು ಸುಲಭವಾಗಿ ಮುಗ್ಗರಿಸುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಕೇಳಲಾಗುತ್ತದೆ. ಯೆಸ್ ಬ್ಯಾಂಕಿನ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ ಎಂಬುದು ಈ ಬರಹದ ನಿಲುವು. ವಂಚನೆಯ ಆರೋಪಗಳು ಈ ಪ್ರಕರಣದಲ್ಲಿ ಸಾಕಷ್ಟಿವೆ. ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ ರಾಣಾ ಕಪೂರ್ ಅವರನ್ನು ಜಾರಿ ನಿರ್ದೇಶನಾಲಯವು 2020ರ ಮಾರ್ಚ್ 8ರಂದು ಬಂಧಿಸಿತು, ಅವರು ಜಾಮೀನಿನ ಮೇಲೆ ಹೊರಬಂದದ್ದು 2024ರಲ್ಲಿ. ಆ ಆರೋಪಗಳ ನಿಜಾನಿಜ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಇಲ್ಲಿ ನೋಡಬೇಕಾದದ್ದು, ಆರೋಪಗಳನ್ನೆಲ್ಲ ಬದಿಗಿಟ್ಟರೂ ಉಳಿಯುವ ಲೆಕ್ಕ.

ಒಂದೇ ರೂಪಾಯಿ, ಎರಡು ಮಾತು

ಬ್ಯಾಂಕು ಒಂದೇ ರೂಪಾಯಿಯ ಬಗ್ಗೆ ಇಬ್ಬರಿಗೆ ಎರಡು ಬೇರೆ ಮಾತು ಕೊಡುತ್ತದೆ. ಉಳಿತಾಯ ಖಾತೆಯಲ್ಲಿ ಹಣವಿಟ್ಟವರಿಗೆ, ನಿಮಗೆ ಬೇಕೆನಿಸಿದ ಕ್ಷಣದಲ್ಲಿ ತೆಗೆದುಕೊಳ್ಳಿ ಎನ್ನುತ್ತದೆ. ಅದೇ ಹಣದಿಂದ ಸಾಲ ಪಡೆದು ಹೆದ್ದಾರಿಯನ್ನೋ ವಿದ್ಯುತ್ ಸ್ಥಾವರವನ್ನೋ ಕಟ್ಟುವ ಕಂಪನಿಗೆ, ಹದಿನೈದು ವರ್ಷದಲ್ಲಿ ನಿಧಾನವಾಗಿ ತೀರಿಸಿ ಎನ್ನುತ್ತದೆ. ತಿಂಗಳ ಖರ್ಚಿಗೆಂದು ಹಣ ಇಟ್ಟುಕೊಂಡ ಗೃಹಸ್ಥರು ಯಾರೂ ಅದನ್ನು ನೇರವಾಗಿ ಹೆದ್ದಾರಿಗೆ ಸಾಲ ಕೊಡಲಾರರು; ಹೆದ್ದಾರಿ ಕಟ್ಟುವವರು ಯಾರೂ ನಾಳೆ ಬೆಳಿಗ್ಗೆ ವಾಪಸು ಕೇಳಬಹುದಾದ ಹಣವನ್ನು ನೆಚ್ಚಿ ಕೆಲಸ ಆರಂಭಿಸಲಾರರು. ಇವರಿಬ್ಬರನ್ನೂ ಒಟ್ಟಿಗೆ ತರುವುದು ಬ್ಯಾಂಕಿನ ಕೆಲಸ, ಮತ್ತು ಲಕ್ಷಾಂತರ ಠೇವಣಿದಾರರು ಒಂದೇ ದಿನ ಬಂದು ಹಣ ಕೇಳುವುದಿಲ್ಲ ಎಂಬ ಎಣಿಕೆಯ ಮೇಲೆಯೇ ಆ ಕೆಲಸ ನಿಂತಿದೆ. 2020ರ ಆರಂಭದಲ್ಲಿ ನಮ್ಮ ಬ್ಯಾಂಕುಗಳು ಪ್ರತಿ ನೂರು ರೂಪಾಯಿ ಠೇವಣಿಗೆ 4 ರೂಪಾಯಿಯನ್ನು ರಿಸರ್ವ್ ಬ್ಯಾಂಕಿನಲ್ಲಿ ನಗದಾಗಿಯೂ, 18 ರೂಪಾಯಿ ಚಿಲ್ಲರೆಯನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿಯೂ ಇಡಬೇಕಿತ್ತು. ಉಳಿದದ್ದರಲ್ಲಿ ಬಹುಪಾಲು ಸಾಲವಾಗಿ ಹೋಗುತ್ತದೆ, ಹೋಗಲೇಬೇಕು. ತಿಜೋರಿಯಲ್ಲೇ ಕೂತ ಹಣಕ್ಕೆ ಠೇವಣಿದಾರರಿಗೆ ಬಡ್ಡಿ ಕೊಡಲು ಯಾವ ಬ್ಯಾಂಕಿನಿಂದಲೂ ಆಗದು.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ, ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬ್ಯಾಂಕು ಒಬ್ಬರಿಗೆ 10 ಲಕ್ಷ ರೂಪಾಯಿ ಸಾಲ ಮಂಜೂರು ಮಾಡಿದಾಗ ಆ ಮೊತ್ತ ಮೊದಲು ಒಂದು ಖಾತೆಯಲ್ಲಿ ಜಮೆಯಾಗುತ್ತದೆ. ಅಲ್ಲಿಂದ ಸಿಮೆಂಟ್ ಅಂಗಡಿಯವರ ಖಾತೆಗೆ, ಅಲ್ಲಿಂದ ಲಾರಿ ಮಾಲೀಕರ ಖಾತೆಗೆ ಸರಿಯುತ್ತದೆ. ಸಾಲ ಕೊಟ್ಟಾಗಲೇ ಠೇವಣಿಯೂ ಹುಟ್ಟುತ್ತದೆ. ದೇಶದಲ್ಲಿ ಕೈಯಿಂದ ಕೈಗೆ ದಾಟುವ ಹಣದ ದೊಡ್ಡ ಪಾಲು ಈ ಬಗೆಯದು. ಹಾಗಾಗಿ ಸಾಲ ಪಡೆದವರು ತೀರಿಸದೆ ಹೋದರೆ ಠೇವಣಿ ಹಾಗೆಯೇ ಉಳಿದು, ಅದರ ಬೆನ್ನಿಗೆ ಇರಬೇಕಾದ ಆಸ್ತಿ ಮಾತ್ರ ಕರಗುತ್ತದೆ. ಆ ನಷ್ಟವನ್ನು ಮೊದಲು ಹೊರಬೇಕಾದದ್ದು ಷೇರುದಾರರ ಬಂಡವಾಳ. ಅದು ಬ್ಯಾಂಕಿನ ಒಟ್ಟು ಗಾತ್ರದ ಮುಂದೆ ಬಹಳ ತೆಳುವಾದ ಪದರ. ಸಾಲದ ಹತ್ತರಲ್ಲೊಂದು ಭಾಗ ಪೂರ್ತಿ ಮುಳುಗಿದರೆ ಪದರವೂ ಹರಿಯುತ್ತದೆ.

ಬೆಳವಣಿಗೆಯ ವರ್ಷಗಳು

ಯೆಸ್ ಬ್ಯಾಂಕ್ ಶುರುವಾದದ್ದು 2004ರಲ್ಲಿ. ಸ್ಥಾಪಕರಲ್ಲಿ ಇನ್ನೊಬ್ಬರಾದ ಅಶೋಕ್ ಕಪೂರ್ 2008ರ ನವೆಂಬರಿನ ಮುಂಬೈ ದಾಳಿಯಲ್ಲಿ ಸಾವಿಗೀಡಾದ ಮೇಲೆ ಬ್ಯಾಂಕಿನ ಚುಕ್ಕಾಣಿ ರಾಣಾ ಕಪೂರ್ ಅವರೊಬ್ಬರ ಕೈಯಲ್ಲಿ ಉಳಿಯಿತು. ಹೊಸ ಬ್ಯಾಂಕಿಗೆ ಹಳೆಯ ಬ್ಯಾಂಕುಗಳಂತೆ ಮೂರು ತಲೆಮಾರಿನ ಉಳಿತಾಯ ಖಾತೆಗಳ ಆಸರೆ ಇರುವುದಿಲ್ಲ. 2011ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಉಳಿತಾಯ ಖಾತೆಯ ಬಡ್ಡಿದರವನ್ನು ಬ್ಯಾಂಕುಗಳ ವಿವೇಚನೆಗೆ ಬಿಟ್ಟೊಡನೆ, ಅಲ್ಲಿಯವರೆಗೆ ಶೇ 4 ಇದ್ದ ದರವನ್ನು ಯೆಸ್ ಬ್ಯಾಂಕ್ ಶೇ 6ಕ್ಕೆ ಏರಿಸಿದ್ದು ಈ ಕಾರಣಕ್ಕೆ. ದುಬಾರಿ ಠೇವಣಿಗೆ ತಕ್ಕ ಆದಾಯ ಬರಬೇಕಾದರೆ ಸಾಲಕ್ಕೂ ಹೆಚ್ಚು ಬಡ್ಡಿ ಸಿಗಬೇಕು, ಮತ್ತು ಹೆಚ್ಚು ಬಡ್ಡಿ ಕೊಡಲು ಒಪ್ಪುವವರಲ್ಲಿ ಬೇರೆ ಬ್ಯಾಂಕುಗಳು ಹಿಂದೇಟು ಹಾಕಿದವರೂ ಇರುತ್ತಾರೆ. 2014ರ ಮಾರ್ಚಿನಲ್ಲಿ ಸುಮಾರು 55,600 ಕೋಟಿ ಇದ್ದ ಬ್ಯಾಂಕಿನ ಸಾಲ 2019ರ ಮಾರ್ಚಿಗೆ 2.41 ಲಕ್ಷ ಕೋಟಿ ರೂಪಾಯಿಗೆ ಏರಿತು. ಐದು ವರ್ಷದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು. ದೇಶದ ಇತರ ಬ್ಯಾಂಕುಗಳು ವಸೂಲಾಗದ ಸಾಲದ ಹೊರೆಯಿಂದ ಬಳಲಿ, ಕಂಪನಿಗಳಿಗೆ ಸಾಲ ಕೊಡುವುದಕ್ಕೇ ಹೆದರುತ್ತಿದ್ದ ವರ್ಷಗಳು ಅವು ಎಂಬುದನ್ನು ನೆನೆದರೆ ಈ ವೇಗದ ವಿಚಿತ್ರ ತಿಳಿಯುತ್ತದೆ. ಅನಿಲ್ ಅಂಬಾನಿ ಸಮೂಹ, ಎಸ್ಸೆಲ್, ಡಿಎಚ್‌ಎಫ್‌ಎಲ್, ಐಎಲ್ ಅಂಡ್ ಎಫ್‌ಎಸ್, ವೊಡಾಫೋನ್ ಮೊದಲಾದ ಸಾಲಗಾರರ ಹೆಸರನ್ನು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ 2020ರ ಮಾರ್ಚ್ 6ರಂದು ಹೇಳಿದರು.

ಆ ವರ್ಷಗಳಲ್ಲಿ ಲಾಭವೂ ಚೆನ್ನಾಗಿ ಕಾಣುತ್ತಿತ್ತು. 2018ರ ಆಗಸ್ಟಿನಲ್ಲಿ ಬ್ಯಾಂಕಿನ ಷೇರು 400 ರೂಪಾಯಿಗೆ ಮುಟ್ಟಿತ್ತು. ಆದರೆ ಬ್ಯಾಂಕಿನ ಲಾಭವೆಂಬುದು ಅಂಗಡಿಯ ಲಾಭದಂತೆ ಎಣಿಸಿ ನೋಡುವ ವಸ್ತುವಲ್ಲ. ಯಾವ ಸಾಲ ಕೆಟ್ಟಿದೆ, ಯಾವುದು ಇನ್ನೂ ಚೇತರಿಸಿಕೊಳ್ಳಬಹುದು ಎಂಬ ತೀರ್ಮಾನದ ಮೇಲೆ ಅದು ನಿಂತಿರುತ್ತದೆ, ಮತ್ತು ಆ ತೀರ್ಮಾನವನ್ನು ಮೊದಲು ಮಾಡುವುದು ಬ್ಯಾಂಕೇ. 2016ರ ಮಾರ್ಚ್ ಅಂತ್ಯಕ್ಕೆ ತನ್ನ ವಸೂಲಾಗದ ಸಾಲ 749 ಕೋಟಿ ರೂಪಾಯಿಯೆಂದು ಯೆಸ್ ಬ್ಯಾಂಕ್ ಹೇಳಿಕೊಂಡರೆ, ರಿಸರ್ವ್ ಬ್ಯಾಂಕಿನ ತಪಾಸಣೆಯಲ್ಲಿ ಅದು 4,900 ಕೋಟಿಯನ್ನು ಮೀರಿತ್ತು. ಮರುವರ್ಷ ಬ್ಯಾಂಕು ಹೇಳಿದ್ದು 2,018 ಕೋಟಿ, ತಪಾಸಣೆಯಲ್ಲಿ ಕಂಡದ್ದು 8,373 ಕೋಟಿ. ಒಂದು ವರ್ಷದ ವ್ಯತ್ಯಾಸವನ್ನು ಅಭಿಪ್ರಾಯಭೇದ ಎನ್ನಬಹುದು. ಎರಡನೆಯ ವರ್ಷವೂ ನಾಲ್ಕು ಪಟ್ಟು ಅಂತರ ಉಳಿದರೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

2018ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ರಾಣಾ ಕಪೂರ್ ಅವರ ಅಧಿಕಾರಾವಧಿಯನ್ನು 2019ರ ಜನವರಿ 31ರಾಚೆಗೆ ಮುಂದುವರಿಸಲು ಒಪ್ಪಲಿಲ್ಲ. ಅದೇ ತಿಂಗಳು, ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಸಾಲದ ಕಂತು ತಪ್ಪಿಸಿದ್ದು ಬಹಿರಂಗವಾಗಿ, ಗೃಹಸಾಲ ಮತ್ತು ಹಣಕಾಸು ಕಂಪನಿಗಳಿಗೆ ಹಣ ಸಿಗುವುದೇ ಕಷ್ಟವಾಯಿತು. ಯೆಸ್ ಬ್ಯಾಂಕಿನ ದೊಡ್ಡ ಸಾಲಗಾರರಲ್ಲಿ ಅಂಥ ಕಂಪನಿಗಳೂ ಇದ್ದವು. ಈ ನಡುವೆ ನಡೆದ ಒಂದು ಪ್ರಸಂಗ ಸಣ್ಣದಾದರೂ ಮರೆಯುವಂಥದ್ದಲ್ಲ. 2019ರ ಫೆಬ್ರವರಿಯಲ್ಲಿ ಬ್ಯಾಂಕು, ಈ ಬಾರಿಯ ತಪಾಸಣೆಯಲ್ಲಿ ವಸೂಲಾಗದ ಸಾಲದ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಕಂಡಿಲ್ಲವೆಂದು ಷೇರುಪೇಟೆಗೆ ತಿಳಿಸಿತು. ಷೇರು ಒಂದೇ ದಿನ ಶೇ 30ರ ಆಸುಪಾಸು ಜಿಗಿಯಿತು. ತಪಾಸಣಾ ವರದಿ ಗೋಪ್ಯವಾದದ್ದು, ಅದರಲ್ಲಿ ಇತರ ಲೋಪಗಳನ್ನೂ ಎತ್ತಿ ತೋರಿಸಿದ್ದೇವೆ, ಒಂದು ಅಂಶವನ್ನಷ್ಟೇ ಆರಿಸಿ ಹೇಳಿದ್ದು ತಪ್ಪು ಎಂದು ರಿಸರ್ವ್ ಬ್ಯಾಂಕು ಆಮೇಲೆ ಪತ್ರ ಬರೆಯಿತು.

ಸದ್ದಿಲ್ಲದ ಓಟ

2019ರ ಮಾರ್ಚ್ 1ರಂದು ರವನೀತ್ ಗಿಲ್ ಹೊಸ ಮುಖ್ಯಸ್ಥರಾಗಿ ಬಂದರು. ಅವರು ಬಂದ ತ್ರೈಮಾಸಿಕದಲ್ಲಿ ಬ್ಯಾಂಕು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ನಷ್ಟ ತೋರಿಸಿತು: 1,506 ಕೋಟಿ ರೂಪಾಯಿ. ಆಗಸ್ಟಿನಲ್ಲಿ ಷೇರು ಮಾರಿ 1,930 ಕೋಟಿ ಸಂಗ್ರಹಿಸಿದ್ದು ಸಾಲದಾಯಿತು. ಆಮೇಲೆ ವಿದೇಶದಿಂದ ದೊಡ್ಡ ಹೂಡಿಕೆದಾರರು ಬರುತ್ತಾರೆ ಎಂಬ ಸುದ್ದಿಗಳು ಒಂದರ ಹಿಂದೊಂದು ಬಂದು, ಒಂದೊಂದಾಗಿ ಬಿದ್ದುಹೋದವು. ಸತ್ಯ ಹೇಳದೆ ಬಂಡವಾಳ ಬಾರದು, ಸತ್ಯ ಹೇಳಿದರೆ ಠೇವಣಿ ನಿಲ್ಲದು ಎಂಬ ಇಕ್ಕಟ್ಟಿನಲ್ಲಿ ಬ್ಯಾಂಕು ಸಿಕ್ಕಿಕೊಂಡಿತ್ತು.

ಠೇವಣಿದಾರರಲ್ಲಿ ಯಾರು ಮೊದಲು ಏಳುತ್ತಾರೆ ಎಂಬುದು ಇಲ್ಲಿ ಮುಖ್ಯ. ಉಳಿತಾಯ ಮತ್ತು ಚಾಲ್ತಿ ಖಾತೆಗಳಲ್ಲಿದ್ದದ್ದು ಬ್ಯಾಂಕಿನ ಠೇವಣಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದದ್ದು ಅವಧಿ ಠೇವಣಿ, ಅದರಲ್ಲಿ ಕಂಪನಿಗಳು ಮತ್ತು ಸಂಸ್ಥೆಗಳು ಇಟ್ಟ ದೊಡ್ಡ ಮೊತ್ತಗಳೂ ಸೇರಿದ್ದವು. ಅಂಥ ಠೇವಣಿಯನ್ನು ನೋಡಿಕೊಳ್ಳಲು ಸಂಸ್ಥೆಗಳಲ್ಲಿ ಲೆಕ್ಕಪರಿಶೋಧಕರಿದ್ದಾರೆ, ಹಣಕಾಸು ಸಮಿತಿಗಳಿವೆ. ಅವರು ತ್ರೈಮಾಸಿಕ ವರದಿ ಓದುತ್ತಾರೆ. ಅವಧಿ ಮುಗಿದ ಎಫ್‌ಡಿಯನ್ನು ನವೀಕರಿಸದೆ ಬಿಟ್ಟರೆ ಸಾಕು, ಗಲಾಟೆಯಿಲ್ಲದೆ ಹಣ ಹೊರಬರುತ್ತದೆ. ಎರಡು ದೇವಾಲಯಗಳ ಉದಾಹರಣೆಯೇ ಸಾಕು. ತಿರುಮಲ ತಿರುಪತಿ ದೇವಸ್ಥಾನವು ಯೆಸ್ ಬ್ಯಾಂಕಿನಲ್ಲಿದ್ದ 1,300 ಕೋಟಿ ರೂಪಾಯಿಯನ್ನು ತಿಂಗಳುಗಳ ಮೊದಲೇ ಹಿಂಪಡೆದಿತ್ತು. ಪುರಿಯ ಜಗನ್ನಾಥ ದೇವಾಲಯದ 545 ಕೋಟಿ ನಿರ್ಬಂಧದೊಳಗೆ ಸಿಕ್ಕಿಕೊಂಡಿತು. ದೇವರಿಗೆ ಇಲ್ಲದ ಮುನ್ನೆಚ್ಚರಿಕೆ ಆಡಳಿತ ಮಂಡಳಿಗೆ ಇರಬೇಕಾಗುತ್ತದೆ. ವಡೋದರಾದ ಸ್ಮಾರ್ಟ್ ಸಿಟಿ ಕಂಪನಿಯು ನಿರ್ಬಂಧಕ್ಕೆ ತುಸು ಮುಂಚೆ 265 ಕೋಟಿ ತೆಗೆದುಕೊಂಡು ಪಾರಾಯಿತು.

ಹೀಗೆ ಓಡಿದವರನ್ನು ಹೇಡಿಗಳೆಂದೋ ವದಂತಿಗೆ ಬಲಿಯಾದವರೆಂದೋ ಜರೆಯುವುದು ಸರಿಯಲ್ಲ. ಮೊದಲು ಬಂದವರಿಗೆ ಪೂರ್ತಿ ಹಣ, ತಡವಾಗಿ ಬಂದವರಿಗೆ ಉಳಿದರೆ ಉಂಟು ಎಂಬುದು ಠೇವಣಿಯ ಸ್ವಭಾವ. ಬ್ಯಾಂಕು ಗಟ್ಟಿಯಾಗಿದೆ ಎಂದು ನಂಬಿದವರೂ, ಬೇರೆಯವರು ನಂಬುವುದಿಲ್ಲ ಎಂದು ಅನಿಸಿದರೆ ಹಣ ತೆಗೆಯುವುದೇ ಜಾಣತನ. ಒಬ್ಬೊಬ್ಬರ ಜಾಣತನವೂ ಕೂಡಿದಾಗ, ಬದುಕಬಹುದಾಗಿದ್ದ ಬ್ಯಾಂಕೂ ಸಾಯುತ್ತದೆ. ಯೆಸ್ ಬ್ಯಾಂಕ್ ಬದುಕಬಹುದಾಗಿದ್ದ ಬ್ಯಾಂಕೇ ಎಂಬುದು ಮಾತ್ರ ಬೇರೆ ಪ್ರಶ್ನೆ. ಡಿಸೆಂಬರ್ ತ್ರೈಮಾಸಿಕದ ಫಲಿತಾಂಶವನ್ನು ಬ್ಯಾಂಕು ಫೆಬ್ರವರಿಯಲ್ಲಿ ಮುಂದೂಡಿತು. ಕೊನೆಗೆ ಅದು ಹೊರಬಿದ್ದದ್ದು ನಿರ್ಬಂಧದ ನಡುವೆ, ಮಾರ್ಚ್ 14ರಂದು. ನಷ್ಟ 18,564 ಕೋಟಿ. ವಸೂಲಾಗದ ಸಾಲ ಮೂರು ತಿಂಗಳಲ್ಲಿ 17,134 ಕೋಟಿಯಿಂದ 40,709 ಕೋಟಿಗೆ ಏರಿ, ಒಟ್ಟು ಸಾಲದ ಶೇ 18.87ರಷ್ಟಾಗಿತ್ತು. ಅಪಾಯಕ್ಕೆ ತಕ್ಕಂತೆ ತೂಗಿದ ಸಾಲ ಮತ್ತಿತರ ಆಸ್ತಿಗೆ ಹೋಲಿಸಿದ ಷೇರುದಾರರ ಮೂಲ ಬಂಡವಾಳದ ಅನುಪಾತ ಶೇ 7ಕ್ಕಿಂತ ಹೆಚ್ಚಿರಬೇಕಾದ ಕಡೆ ಶೇ 0.6 ಉಳಿದಿತ್ತು. ಓಟವು ಬ್ಯಾಂಕನ್ನು ಕೆಡವಿತೆನ್ನುವುದಕ್ಕಿಂತ, ಒಳಗೆ ಗೆದ್ದಲು ಹಿಡಿದಿದ್ದ ಮನೆ ಬೀಳುವ ದಿನವನ್ನು ಅದು ನಿಗದಿ ಮಾಡಿತೆನ್ನುವುದು ಸರಿ.

ಬಾಗಿಲು ಹಾಕಿದ ಹದಿಮೂರು ದಿನ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಮಾರ್ಚ್ 5ರ ಆದೇಶಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೂ ಬಾಗಿಲು ಹಾಕಿದಾಗ ಏನಾಯಿತು ಎಂಬುದರಿಂದಲೇ ಬ್ಯಾಂಕಿನ ಅಗತ್ಯ ಏನೆಂಬುದು ಅಂಗೈ ಮೇಲಿಟ್ಟಂತೆ ಕಂಡಿತು. ಸಂಬಳದ ಖಾತೆ ಯೆಸ್ ಬ್ಯಾಂಕಿನಲ್ಲಿದ್ದವರಿಗೆ ಅದು ತಿಂಗಳ ಮೊದಲ ವಾರ. ಚಾಲ್ತಿ ಖಾತೆ ಇಟ್ಟಿದ್ದ ವ್ಯಾಪಾರಿಗಳಿಗೂ 50,000 ರೂಪಾಯಿಯೇ ಮಿತಿ. ವೈದ್ಯಕೀಯ ತುರ್ತು, ಉನ್ನತ ಶಿಕ್ಷಣ, ಮದುವೆಯಂಥ ಕಾರಣಗಳಿಗೆ ಮಾತ್ರ 5 ಲಕ್ಷದವರೆಗೆ ಅವಕಾಶವಿತ್ತು.

ದೊಡ್ಡ ಪೆಟ್ಟು ಬಿದ್ದದ್ದು ಯೆಸ್ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರಿಗೆ. ಬೆಂಗಳೂರಿನ ಫೋನ್‌ಪೇ ಕಂಪನಿಯು ಯುಪಿಐ ಪಾವತಿಗಳಿಗೆ ಯೆಸ್ ಬ್ಯಾಂಕನ್ನೇ ಅವಲಂಬಿಸಿತ್ತು. ದೇಶದ ಯುಪಿಐ ವಹಿವಾಟಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಈ ಬ್ಯಾಂಕಿನ ಮೂಲಕ ಹಾದುಹೋಗುತ್ತಿತ್ತು. ಮಾರ್ಚ್ 5ರ ರಾತ್ರಿ ಫೋನ್‌ಪೇ ನಿಂತಿತು. ಹಣ ಕೆನರಾ ಬ್ಯಾಂಕಿನಲ್ಲೋ ಎಸ್‌ಬಿಐಯಲ್ಲೋ ಭದ್ರವಾಗಿದ್ದ ಗ್ರಾಹಕರೂ ಹೋಟೆಲಿನ ಬಿಲ್ಲನ್ನು ಆ ಆ್ಯಪ್‌ನಿಂದ ಕೊಡಲಾರದೆ ಹೋದರು. ಕಂಪನಿಯ ಎಂಜಿನಿಯರುಗಳು ಐಸಿಐಸಿಐ ಬ್ಯಾಂಕಿಗೆ ಸಂಪರ್ಕ ಬದಲಿಸಿ ಸುಮಾರು ಒಂದು ದಿನದಲ್ಲಿ ಸೇವೆಯನ್ನು ಮರಳಿ ತಂದರು. ಎಲ್ಲೋ ಮುಂಬೈಯ ಸಾಲದ ಕಡತದಲ್ಲಿ ಆದ ತಪ್ಪಿಗೆ ಬೆಂಗಳೂರಿನ ಕಾಫಿ ಅಂಗಡಿಯ ಕ್ಯೂಆರ್ ಫಲಕ ನಿಷ್ಪ್ರಯೋಜಕವಾಗುವುದೆಂದರೆ, ಬ್ಯಾಂಕು ಹಣ ಇಡುವ ಜಾಗ ಮಾತ್ರವಲ್ಲದೆ ಹಣ ಹರಿಯುವ ಕಾಲುವೆಯೂ ಹೌದು ಎಂದರ್ಥ.

ಭಯ ಅಲ್ಲಿಗೇ ನಿಲ್ಲಲಿಲ್ಲ. ಅದಾಗಲೇ 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ ಮೊದಲಿಗೆ 1,000 ರೂಪಾಯಿಯ ಮಿತಿ ಬಿದ್ದದ್ದು ಎಲ್ಲರ ನೆನಪಿನಲ್ಲಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೂ 35,000 ರೂಪಾಯಿಯ ಮಿತಿ ಹಾಕಲಾಗಿತ್ತು. ಯೆಸ್ ಬ್ಯಾಂಕಿನ ಸುದ್ದಿ ಬಂದದ್ದೇ, ಬ್ಯಾಂಕುಗಳ ಷೇರುಮೌಲ್ಯವನ್ನೂ ಠೇವಣಿಯನ್ನೂ ಹೋಲಿಸಿ ಯಾವ ಬ್ಯಾಂಕು ಅಪಾಯದಲ್ಲಿದೆ ಎಂದು ಹೇಳುವ ಲೆಕ್ಕಗಳು ಹರಿದಾಡತೊಡಗಿದವು. ಬ್ಯಾಂಕಿನ ಗಟ್ಟಿತನವನ್ನು ಅಳೆಯಬೇಕಾದದ್ದು ಬಂಡವಾಳದ ಅನುಪಾತದಿಂದ, ಷೇರುಪೇಟೆಯ ಬೆಲೆಯಿಂದಲ್ಲ ಎಂದು ರಿಸರ್ವ್ ಬ್ಯಾಂಕು ಮಾರ್ಚ್ 8ರಂದು ಟ್ವಿಟರಿನಲ್ಲಿ ಹೇಳಬೇಕಾಯಿತು. ಖಾಸಗಿ ಬ್ಯಾಂಕುಗಳಿಂದ ಸರ್ಕಾರಿ ಹಣ ಹಿಂಪಡೆಯಬೇಡಿ ಎಂದು ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಪತ್ರವನ್ನೂ ಬರೆಯಿತು. ಹೇಳಿದ್ದು ತಾಂತ್ರಿಕವಾಗಿ ಸರಿ. ಆದರೆ ಬಂಡವಾಳದ ಅನುಪಾತವೇ ಡಿಸೆಂಬರ್ ಲೆಕ್ಕ ಬರುವವರೆಗೆ ಬ್ಯಾಂಕಿನ ನಿಜಸ್ಥಿತಿಯನ್ನು ಹೇಳಿರಲಿಲ್ಲ, ಷೇರಿನ ಬೆಲೆ ಮಾತ್ರ ಒಂದೂವರೆ ವರ್ಷದಿಂದ ಹೇಳುತ್ತಲೇ ಇತ್ತು ಎಂಬುದನ್ನು ಜನ ಮರೆಯುವುದು ಹೇಗೆ?

ನಷ್ಟ ಯಾರ ಪಾಲಿಗೆ

ಪಾರುಗಾಣಿಕೆ ಚುರುಕಾಗಿ ನಡೆಯಿತು. ಆಡಳಿತ ಮಂಡಳಿಯನ್ನು ಬದಿಗಿಟ್ಟು, ಎಸ್‌ಬಿಐಯಲ್ಲಿ ಹಿರಿಯ ಹುದ್ದೆಯಲ್ಲಿದ್ದ ಪ್ರಶಾಂತ್ ಕುಮಾರ್ ಅವರನ್ನು ಆಡಳಿತಾಧಿಕಾರಿಯಾಗಿ ನೇಮಿಸಲಾಯಿತು. ಮಾರ್ಚ್ 13ರಂದು ಕೇಂದ್ರ ಸಂಪುಟ ಪುನಾರಚನೆಯ ಯೋಜನೆಗೆ ಒಪ್ಪಿತು. ಎಸ್‌ಬಿಐ 6,050 ಕೋಟಿ, ಗೃಹಸಾಲ ಸಂಸ್ಥೆ ಎಚ್‌ಡಿಎಫ್‌ಸಿ ಮತ್ತು ಐಸಿಐಸಿಐ ಬ್ಯಾಂಕ್ ತಲಾ 1,000 ಕೋಟಿ, ಆ್ಯಕ್ಸಿಸ್ 600 ಕೋಟಿ, ಕೋಟಕ್ 500 ಕೋಟಿ, ಉಳಿದಂತೆ ಇನ್ನು ಮೂರು ಬ್ಯಾಂಕುಗಳು, ಹೀಗೆ ಒಟ್ಟು 10,000 ಕೋಟಿಯನ್ನು ಷೇರಿಗೆ 10 ರೂಪಾಯಿಯಂತೆ ಹಾಕಿದವು. ಸ್ಪರ್ಧಿಗಳೇ ಸೇರಿ ಸ್ಪರ್ಧಿಯನ್ನು ಎತ್ತಿ ನಿಲ್ಲಿಸಿದ್ದಕ್ಕೆ ಔದಾರ್ಯ ಕಾರಣವಲ್ಲ. ಪಕ್ಕದ ಮನೆಗೆ ಬಿದ್ದ ಬೆಂಕಿ ತಮ್ಮ ಠೇವಣಿಗೂ ಹತ್ತಬಹುದೆಂಬುದು ಅವರಿಗೆ ಗೊತ್ತಿತ್ತು. ಮಾರ್ಚ್ 18ರ ಸಂಜೆ 6ಕ್ಕೆ ನಿರ್ಬಂಧ ತೆರವಾಯಿತು. ಬಾಗಿಲು ತೆರೆದ ಮೇಲೂ ಹಣ ಹೋಗುವುದು ನಿಲ್ಲದೆ, ತಿಂಗಳ ಕೊನೆಗೆ ಠೇವಣಿ 1,05,364 ಕೋಟಿಗೆ ಇಳಿಯಿತು. ಆ ಕೊರತೆಯನ್ನು ತುಂಬಿದ್ದು ರಿಸರ್ವ್ ಬ್ಯಾಂಕು ಕೊಟ್ಟ 50,000 ಕೋಟಿ ರೂಪಾಯಿಯ ವಿಶೇಷ ನೆರವು. ಅಗತ್ಯ ಬಿದ್ದಾಗ ನೋಟು ಒದಗಿಸಬಲ್ಲವರು ಹಿಂದೆ ನಿಂತಿದ್ದಾರೆ ಎಂದು ಖಚಿತವಾದ ಮೇಲೆ ಓಟ ನಿಂತಿತು. ಸೆಪ್ಟೆಂಬರ್ ಹೊತ್ತಿಗೆ ಬ್ಯಾಂಕು ಆ ಹಣವನ್ನು ಪೂರ್ತಿ ಮರಳಿಸಿತ್ತು.

ಠೇವಣಿದಾರರ ಒಂದು ರೂಪಾಯಿಯೂ ಮುಳುಗಲಿಲ್ಲ. ಇದು ಕಾನೂನಿನ ಬಲದಿಂದ ಆದದ್ದಲ್ಲ. 1960ರಲ್ಲಿ ಕೇರಳದ ಪಲೈ ಸೆಂಟ್ರಲ್ ಬ್ಯಾಂಕ್ ಕುಸಿದ ಮೇಲೆ, 1962ರಲ್ಲಿ 1,500 ರೂಪಾಯಿಯಿಂದ ಶುರುವಾದ ಠೇವಣಿ ವಿಮೆಯು 2020ರ ಫೆಬ್ರವರಿಯಲ್ಲಿ, ಈ ನಿರ್ಬಂಧಕ್ಕೆ ಒಂದು ತಿಂಗಳ ಹಿಂದೆಯಷ್ಟೇ, 1 ಲಕ್ಷದಿಂದ 5 ಲಕ್ಷಕ್ಕೆ ಏರಿತ್ತು. 5 ಲಕ್ಷಕ್ಕಿಂತ ಹೆಚ್ಚು ಇಟ್ಟಿದ್ದವರನ್ನು ಉಳಿಸಿದ್ದು, ಇಷ್ಟು ದೊಡ್ಡ ಬ್ಯಾಂಕು ಮುಳುಗಲು ಬಿಡಬಾರದೆಂಬ ಸರ್ಕಾರದ ತೀರ್ಮಾನ. ಪಿಎಂಸಿ ಬ್ಯಾಂಕಿನ ಠೇವಣಿದಾರರಿಗೆ ಆ ಭಾಗ್ಯ ಹದಿಮೂರು ದಿನದಲ್ಲಿ ಒದಗಲಿಲ್ಲ. ಅವರು ವರ್ಷಗಟ್ಟಲೆ ಕಾದರು. ಗಾತ್ರವೇ ರಕ್ಷೆಯಾಗುವುದಾದರೆ ಬ್ಯಾಂಕುಗಳು ಇನ್ನಷ್ಟು ದೊಡ್ಡದಾಗಲು ಹವಣಿಸುವುದರಲ್ಲಿ ಆಶ್ಚರ್ಯವಿಲ್ಲ.

ನಷ್ಟ ಬಿದ್ದದ್ದು ಬೇರೆಯವರ ಮೇಲೆ. ಹಳೆಯ ಷೇರುದಾರರ ಪೈಕಿ ನೂರಕ್ಕಿಂತ ಹೆಚ್ಚು ಷೇರು ಇದ್ದವರ ಶೇ 75ರಷ್ಟು ಷೇರುಗಳನ್ನು ಮೂರು ವರ್ಷ ಮಾರದಂತೆ ತಡೆಹಿಡಿಯಲಾಯಿತು. ಎಟಿ-1 ಎಂದು ಕರೆಯುವ, ಬ್ಯಾಂಕಿನ ಬಂಡವಾಳದ ಭಾಗವೆಂದೇ ಎಣಿಕೆಯಾಗುವ 8,415 ಕೋಟಿ ರೂಪಾಯಿಯ ಬಾಂಡುಗಳನ್ನು ಮಾರ್ಚ್ 14ರಂದು ಒಂದೇ ಏಟಿಗೆ ಸೊನ್ನೆಯಾಗಿಸಲಾಯಿತು. ಕಂಪನಿಯೊಂದು ಮುಳುಗಿದಾಗ ಮೊದಲು ಷೇರುದಾರರು, ಆಮೇಲೆ ಬಾಂಡುದಾರರು ಎಂಬುದು ರೂಢಿಯ ಕ್ರಮ. ಇಲ್ಲಿ ಷೇರಿಗೆ ಬೆಲೆ ಉಳಿದು ಬಾಂಡಿಗೆ ಬೆಲೆಯಿಲ್ಲವಾಯಿತು. ಬ್ಯಾಂಕಿನ ಸಾಮಾನ್ಯ ಗ್ರಾಹಕರಲ್ಲಿ ಕೆಲವರು ಎಫ್‌ಡಿ ಮುರಿಸಿ ಈ ಬಾಂಡುಗಳನ್ನು ಕೊಂಡಿದ್ದರು. ಅಪಾಯವನ್ನು ಸರಿಯಾಗಿ ತಿಳಿಸದೆ ಮಾರಿದ್ದಕ್ಕಾಗಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಏಪ್ರಿಲಿನಲ್ಲಿ ಬ್ಯಾಂಕಿಗೆ 25 ಕೋಟಿ ದಂಡ ವಿಧಿಸಿತು, ಬ್ಯಾಂಕು ಅದರ ವಿರುದ್ಧ ಮೇಲ್ಮನವಿ ಹೋಯಿತು. ಬಾಂಡುಗಳನ್ನು ಅಳಿಸುವ ಮಾತು ಕರಡು ಯೋಜನೆಯಲ್ಲಿದ್ದು ಅಂತಿಮ ಯೋಜನೆಯಲ್ಲಿ ಇರಲಿಲ್ಲ. ಆಡಳಿತಾಧಿಕಾರಿಗೆ ಆ ಅಧಿಕಾರ ಇರಲಿಲ್ಲವೆಂದು ಬಾಂಬೆ ಹೈಕೋರ್ಟ್ 2023ರ ಜನವರಿಯಲ್ಲಿ ಆ ಕ್ರಮವನ್ನು ರದ್ದುಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು.

ಕೆಟ್ಟ ಸಾಲಗಳ ನಿಜವಾದ ಬೆಲೆ ಏನೆಂಬುದು ಗೊತ್ತಾದದ್ದು 2022ರ ಕೊನೆಯಲ್ಲಿ. ಸುಮಾರು 48,000 ಕೋಟಿ ರೂಪಾಯಿಯ ಸಾಲಗಳನ್ನು ಬ್ಯಾಂಕು ಜೆ.ಸಿ. ಫ್ಲವರ್ಸ್ ಎಂಬ ಆಸ್ತಿ ಪುನಾರಚನಾ ಕಂಪನಿಗೆ 11,183 ಕೋಟಿಗೆ ಒಪ್ಪಿಸಿತು: ರೂಪಾಯಿಗೆ 23 ಪೈಸೆ. 2025ರಲ್ಲಿ ಜಪಾನಿನ ಸುಮಿಟೊಮೊ ಮಿತ್ಸುಯಿ ಬ್ಯಾಂಕು, ಅಂದು 10 ರೂಪಾಯಿಗೆ ಷೇರು ಕೊಂಡಿದ್ದ ಎಸ್‌ಬಿಐ ಮತ್ತಿತರ ಬ್ಯಾಂಕುಗಳಿಂದ ಷೇರಿಗೆ 21.50 ರೂಪಾಯಿಯಂತೆ ಶೇ 20ರಷ್ಟು ಪಾಲು ಕೊಂಡಿತು. ಆ ಒಪ್ಪಂದಕ್ಕೆ ಸಹಿ ಬಿದ್ದಾಗಲೂ 8,415 ಕೋಟಿಯ ಬಾಂಡುದಾರರು ಸುಪ್ರೀಂ ಕೋರ್ಟಿನ ತೀರ್ಪಿಗೆ ಕಾಯುತ್ತಲೇ ಇದ್ದರು.